7 ಕ್ಲಾಸ್, 1 ವರ್ಷ: ಹೊರಗೆ ಹೋದವರಿಗೆ ವಾಪಸ್ ಬರೋ ದಾರಿ ಯಾರು ಹೇಳ್ತಾರೆ?

ಭಾಗ 1/9

ಮೊದಲನೇ ಫೋಟೋದಲ್ಲಿರೋದು ನನ್ನ ಹಾಲ್ ಟಿಕೆಟ್. ನಂಬರ್ ಮುಚ್ಚಿದೀನಿ, ಝೂಮ್ ಮಾಡಬೇಡಿ 🙂

ಬಿಕಾಂ, ಮೂರನೇ ಸೆಮಿಸ್ಟರ್. ನಿಮ್ಮಲ್ಲಿ ಬಹಳ ಜನಕ್ಕೆ ಹಾಲ್ ಟಿಕೆಟ್ ಅಂದ್ರೆ ಒಂದು ಪಿಡಿಎಫ್ ಅಷ್ಟೇ. ಡೌನ್‌ಲೋಡ್ ಮಾಡಿ, ಜೆರಾಕ್ಸ್ ಅಂಗಡಿಯವರಿಗೆ ವಾಟ್ಸಾಪ್ ಮಾಡಿ, ಫೋಟೋ ಚೆನ್ನಾಗಿ ಬಂದಿಲ್ಲ ಅಂತ ಬೈಕೊಂಡು ಪ್ರಿಂಟ್ ತಗೊಂಡ್ರೆ ಮುಗೀತು. ನಾನು ಮಾತ್ರ ಆ ಅಂಗಡಿ ಮುಂದೆ ಐದು ನಿಮಿಷ ಸುಮ್ನೆ ನಿಂತಿದ್ದೆ. ಅಂಗಡಿ ಅಣ್ಣ, "ಏನಮ್ಮ, ಹೆಸರು ತಪ್ಪಾಗಿದೆಯಾ?" ಅಂತ ಕೇಳಿದ್ರು. ಹೆಸರು ಸರಿಯಾಗೇ ಇತ್ತು. ಅದಕ್ಕೇ ನಿಂತಿದ್ದೆ.

ಹೋದ ವರ್ಷ, 2025ರ ಜನವರಿಯಲ್ಲಿ, ಇದೇ ಸೆಮಿಸ್ಟರ್‌ಗೆ ನನ್ನ ಹೆಸರು ಬಂದಿದ್ದು ನೋಟಿಸ್ ಬೋರ್ಡ್‌ನಲ್ಲಿ. ಶಾರ್ಟೇಜ್ ಲಿಸ್ಟ್. ಐದು ಹೆಸರು, ನನ್ನದು ಮೂರನೇದು. ಕೆಳಗೆ ಒಂದೇ ಸಾಲು: ಇವರು ಪರೀಕ್ಷೆಗೆ ಅರ್ಹರಲ್ಲ.

ಈ ಸರಣಿಯಲ್ಲಿ ನಾನು ಸಾಮಾನ್ಯವಾಗಿ ಬಸ್ಸು, ಕ್ಯಾಂಟೀನ್, ಇಂಟರ್ನಲ್ಸ್ ಬಗ್ಗೆ ಬರೀತೀನಿ. ಈ ವಿಷಯ ಒಂದು ವರ್ಷದಿಂದ ಬರೆಯದೆ ತಪ್ಪಿಸಿಕೊಂಡಿದ್ದೆ. "ಅಕ್ಕ, ನೀವು ಮಧ್ಯದಲ್ಲಿ ಎಲ್ಲಿ ಹೋಗಿದ್ರಿ?" ಅಂತ ಡಿಎಂ ಮಾಡಿದವರಿಗೆಲ್ಲ "ಮನೇಲಿ ಸ್ವಲ್ಪ ಕೆಲಸ" ಅಂತ ಸುಳ್ಳು ಹೇಳಿದ್ದೆ. ಸಾರಿ. ಡಿಟೇನ್ ಆಗಿದ್ದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡಿ. ಒಬ್ಬ ವಿದ್ಯಾರ್ಥಿಯನ್ನ ಹೊರಗೆ ಕಳಿಸೋ ಹಕ್ಕು ಕಾಲೇಜಿಗೆ ಇರಬಹುದು. ಆದ್ರೆ ಕಳಿಸೋ ದಿನವೇ, ಅದೇ ನೋಟಿಸ್‌ನಲ್ಲೇ, ವಾಪಸ್ ಬರೋದು ಹೇಗೆ ಅಂತಾನೂ ಬರೆದು ಕೊಡಬೇಕು. ಹೋಗೋದನ್ನ ಬೋರ್ಡ್‌ನಲ್ಲಿ ಅಂಟಿಸಿ, ಬರೋದನ್ನ ಅದೃಷ್ಟಕ್ಕೆ ಬಿಡೋದು ಶಿಸ್ತು ಅಲ್ಲ.

ಭಾಗ 2/9: ಲೆಕ್ಕ

ಕಾಮರ್ಸ್ ಹುಡುಗಿ, ಲೆಕ್ಕ ಮೊದಲು ಕೊಡಬೇಕು ಅಲ್ವಾ.

ಕಾರ್ಪೊರೇಟ್ ಅಕೌಂಟಿಂಗ್: ನಡೆದ ಕ್ಲಾಸು 64. ಬೇಕಾಗಿದ್ದು ಶೇ 75, ಅಂದ್ರೆ 48. ನಾನು ಹೋಗಿದ್ದು 41. ಕಮ್ಮಿ ಬಿದ್ದಿದ್ದು 7. ಉಳಿದ ಸಬ್ಜೆಕ್ಟ್‌ಗಳ ಕಥೆನೂ ಹೆಚ್ಚು ಕಮ್ಮಿ ಇದೇ.

ತಪ್ಪಿಸಿದ 23 ಕ್ಲಾಸ್‌ನಲ್ಲಿ 14, ಅಪ್ಪ ಆಸ್ಪತ್ರೆಯಲ್ಲಿದ್ದಾಗಿನದು. ನಮ್ಮದು ಅರಸೀಕೆರೆ ಕಡೆಯ ಹಳ್ಳಿ, ತೆಂಗಿನ ತೋಟ. ನವೆಂಬರ್‌ನಲ್ಲಿ ರಾತ್ರಿ ಬೈಕ್ ಸ್ಕಿಡ್ ಆಗಿ ಅಪ್ಪನ ಕಾಲು ಮುರೀತು, ರಾಡ್ ಹಾಕಿದ್ರು. ಅಮ್ಮ ಬಂದು ಆಸ್ಪತ್ರೆಯಲ್ಲಿ ಕೂತ್ರೆ ಹಸು ಕರೆಯೋರು ಯಾರು? ತಮ್ಮ ಒಂಬತ್ತನೇ ಕ್ಲಾಸು. ಹಾಗಾಗಿ ಮೂರು ವಾರ ನಾನೇ ಇದ್ದೆ. ಮಾತ್ರೆ ತರೋದು, ಬಿಲ್ ಕಟ್ಟೋದು, ಇನ್ಶೂರೆನ್ಸ್ ಫಾರ್ಮ್ ತುಂಬೋದು. ರಾತ್ರಿ ಕಾರಿಡಾರ್‌ನಲ್ಲಿ ಚಾಪೆ.

ಉಳಿದ 9? ಅದು ನನ್ನದು. ಇಲ್ಲಿ ಸುಳ್ಳು ಹೇಳಿದ್ರೆ ಈ ಪೋಸ್ಟ್‌ಗೆ ಅರ್ಥ ಇಲ್ಲ. ವಾಪಸ್ ಬಂದ ಮೊದಲ ದಿನ ಕ್ಲಾಸ್‌ನಲ್ಲಿ "ದಾರಿ ನೆನಪಿತ್ತೇನಮ್ಮ?" ಅಂತ ಒಂದು ಪ್ರಶ್ನೆ ಬಂತು, ಎಲ್ಲರೂ ನಕ್ಕರು, ನಾನೂ ನಕ್ಕೆ. ಬೋರ್ಡ್ ಮೇಲೆ ಗುಡ್‌ವಿಲ್ ವ್ಯಾಲ್ಯುಯೇಷನ್ ಅರ್ಧ ಮುಗಿದಿತ್ತು, ನನಗೆ ತಲೆ ಬುಡ ಗೊತ್ತಾಗಲಿಲ್ಲ. ಮಾರನೇ ದಿನ ಆ ಪೀರಿಯಡ್‌ಗೆ ಹೋಗಲಿಲ್ಲ. ನಾನು ಮತ್ತೆ ನನ್ನ ಬೆಂಚ್‌ಮೇಟ್ ಲೈಬ್ರರಿ ಹಿಂದೆ ಕೂತು ಪಾನಿಪೂರಿ ತಿಂದ್ವಿ. ಅರ್ಥ ಆಗದೇ ಇರೋ ಕ್ಲಾಸ್‌ನಿಂದ ಒಂದು ಸಲ ತಪ್ಪಿಸಿಕೊಂಡ್ರೆ ಎರಡನೇ ಸಲ ತುಂಬ ಸುಲಭ.

64ರಲ್ಲಿ 16 ತಪ್ಪಿಸಬಹುದಿತ್ತು. 14 ಆಸ್ಪತ್ರೆಗೆ ಹೋಯ್ತು. ನನ್ನ ಕೈಲಿ ಉಳಿದಿದ್ದು 2. ಆ ಲೆಕ್ಕ ಡಿಸೆಂಬರ್‌ನಲ್ಲಿ ಯಾರಾದ್ರೂ ನನಗೆ ಹೇಳಿದ್ರೆ ಪಾನಿಪೂರಿ ತಿಂತಿರಲಿಲ್ಲ. ನಾನೇ ಯಾಕೆ ಲೆಕ್ಕ ಹಾಕಲಿಲ್ಲ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಉತ್ತರ: ಹೆದರಿಕೆ. ಪರ್ಸೆಂಟೇಜ್ ನೋಡದೇ ಇದ್ರೆ ಅದು ಇಲ್ಲ ಅನ್ನೋ ಹಾಗೆ ಇದ್ದೆ.

ಭಾಗ 3/9: ಪೇಷಂಟ್ ನೀನಲ್ಲವಲ್ಲ

ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ತಗೊಂಡು ಹೋದೆ. ಅದರಲ್ಲಿ ಅಪ್ಪನ ಹೆಸರಿತ್ತು. "ಮೆಡಿಕಲ್ ಸರ್ಟಿಫಿಕೇಟ್ ನಿನ್ನ ಹೆಸರಲ್ಲಿ ಬೇಕು. ಪೇಷಂಟ್ ನೀನಲ್ಲವಲ್ಲ" ಅಂದ್ರು. ಬೈದು ಹೇಳಿದ್ದಲ್ಲ, ನಿಯಮ ಹಾಗಿದೆ ಅಂತ ಬೇಜಾರಲ್ಲೇ ಹೇಳಿದ್ರು.

ಯೋಚನೆ ಮಾಡಿ ನೋಡಿ. ಮಲಗಿದವರಿಗೆ ರಿಯಾಯಿತಿ ಇದೆ. ಮಲಗಿದವರ ಪಕ್ಕ ಕೂತವರಿಗೆ ಇಲ್ಲ. ನಮ್ಮ ಮನೆಗಳಲ್ಲಿ ಪಕ್ಕ ಕೂರೋದು ಯಾರು? ಬಹಳ ಸಲ ಓದ್ತಾ ಇರೋ ಹುಡುಗಿ. ಯಾಕಂದ್ರೆ ಅವಳಿಗೆ ಫಾರ್ಮ್ ತುಂಬೋಕೆ ಬರುತ್ತೆ, ಡಾಕ್ಟರ್ ಹತ್ರ ಮಾತಾಡೋಕೆ ಬರುತ್ತೆ. ಓದಿಸಿದ್ದಕ್ಕೇ ಉಪಯೋಗಕ್ಕೆ ಬಂದೆ, ಉಪಯೋಗಕ್ಕೆ ಬಂದಿದ್ದಕ್ಕೇ ಓದು ನಿಂತ್ತು.

ಗೊತ್ತಿಲ್ಲದವರಿಗೆ ಇನ್ನೊಂದು ವಿಷಯ. ಫೇಲ್ ಆಗೋದು ಬೇರೆ, ಡಿಟೇನ್ ಆಗೋದು ಬೇರೆ. ನಮ್ಮ ಬಿಕಾಂನಲ್ಲಿ ಒಂದು ಪೇಪರ್ ಬ್ಯಾಕ್ ಆದ್ರೆ ಅದನ್ನ ಹೊತ್ತುಕೊಂಡು ಮುಂದಿನ ಸೆಮ್‌ಗೆ ಹೋಗಬಹುದು. ಅಟೆಂಡೆನ್ಸ್ ಕಮ್ಮಿ ಆದ್ರೆ ಪರೀಕ್ಷೆನೇ ಇಲ್ಲ, ಇಡೀ ಸೆಮಿಸ್ಟರ್ ಮತ್ತೆ ಓದಬೇಕು. ಮೂರನೇ ಸೆಮ್ ನಡೆಯೋದು ವರ್ಷಕ್ಕೆ ಒಂದೇ ಸಲ. ಜನವರಿಯಲ್ಲಿ ಹೊರಗೆ ಹೋದವಳು ಮುಂದಿನ ಅಡ್ಮಿಷನ್ ತನಕ ಕಾಯಬೇಕು. 7 ಕ್ಲಾಸ್‌ಗೆ 1 ವರ್ಷ.

ಶೇ 75 ಬೇಡ್ವೇ ಬೇಡ ಅಂತ ನಾನು ಹೇಳಲ್ಲ. ನಮ್ಮ ಲೆಕ್ಚರರ್‌ಗಳೂ ಖಾಲಿ ಬೆಂಚಿಗೆ ಪಾಠ ಮಾಡೋಕಾಗಲ್ಲ. ಕ್ಲಾಸಿಗೆ ಬರೋ ಹುಡುಗಿಯರಿಗೆ "ಅಟೆಂಡೆನ್ಸ್ ಇದೆ, ಹೋಗಲೇಬೇಕು" ಅನ್ನೋದೇ ಮನೆಯವರ ಮುಂದೆ ಇರೋ ಒಂದೇ ನೆಪ, ಅದೂ ನನಗೆ ಗೊತ್ತು. ಆದ್ರೆ ಈ ಪ್ರಶ್ನೆ ನನ್ನದೊಬ್ಬಳದ್ದೇ ಅಲ್ಲ. ಕಾನೂನು ವಿದ್ಯಾರ್ಥಿಗಳ ವಿಷಯದಲ್ಲಿ ದೆಹಲಿ ಹೈಕೋರ್ಟ್ 2025ರ ನವೆಂಬರ್‌ನಲ್ಲಿ, ಹಾಜರಾತಿ ಕಮ್ಮಿ ಅನ್ನೋ ಒಂದೇ ಕಾರಣಕ್ಕೆ ಪರೀಕ್ಷೆ ಬರೆಯದಂತೆ ತಡೆಯಬಾರದು ಅಂತ ಹೇಳಿತು. ಅದು ಬಿಕಾಂನವರಾದ ನಮಗೆ ಬಂದ ಆದೇಶ ಅಲ್ಲ. ಆದ್ರೂ ಶಿಕ್ಷೆ ತಪ್ಪಿನಷ್ಟೇ ದೊಡ್ಡದಿರಬೇಕಾ, ಇಲ್ಲ ಅದಕ್ಕಿಂತ ದೊಡ್ಡದಿರಬಹುದಾ ಅನ್ನೋ ಪ್ರಶ್ನೆ ನಮ್ಮದೂ ಹೌದು.

ಭಾಗ 4/9: ಮನೇಲಿದ್ದ ವರ್ಷ

ಲಿಸ್ಟ್ ಬಂದ ದಿನ ಮನೆಗೆ ಹೋಗಿ ಅಪ್ಪನಿಗೆ ಹೇಳಲಿಲ್ಲ. ಹೇಳಿದ್ರೆ "ನನ್ನಿಂದ ಆಯ್ತು" ಅಂದ್ಕೋತಾರೆ ಅಂತ. ನಾಲ್ಕು ದಿನ ಬೆಳಗ್ಗೆ ಅದೇ 7:10ರ ಬಸ್ ಹತ್ತಿ, ಬಸ್‌ಸ್ಟಾಂಡ್‌ನಲ್ಲಿ ಕೂತು, ಸಂಜೆ ವಾಪಸ್ ಬಂದೆ. ಟಿಕೆಟ್ ಶಕ್ತಿ ಯೋಜನೆಯಲ್ಲಿ ಫ್ರೀ. ನಗಬೇಡಿ, ಆ ನಾಲ್ಕು ದಿನ ಅದೊಂದೇ ಲಾಭ.

ಐದನೇ ದಿನ ಅಮ್ಮನಿಗೆ ಗೊತ್ತಾಯ್ತು. ಅಮ್ಮ ಅತ್ತಿದ್ದು ಅಟೆಂಡೆನ್ಸ್‌ಗಲ್ಲ, ನಾನು ಬಸ್‌ಸ್ಟಾಂಡ್‌ನಲ್ಲಿ ಊಟ ಇಲ್ಲದೆ ಕೂತಿದ್ದೆ ಅನ್ನೋದಕ್ಕೆ.

ಆಮೇಲೆ ಊರು. "ಏನವ್ವಾ, ಕಾಲೇಜ್ ಬಿಟ್ಬುಟ್ಯಾ?" ಬಿಟ್ಟಿದ್ದಲ್ಲ, ಬಿಡಿಸಿದ್ದು ಅಂತ ಎಷ್ಟು ಜನಕ್ಕೆ ಹೇಳೋದು? ಒಂದು ತಿಂಗಳಲ್ಲಿ ದೊಡ್ಡಮ್ಮ ಬಂದು, "ಹೆಂಗೂ ಮನೇಲೇ ಅವ್ಳೆ, ಒಂದು ಗಂಡು ನೋಡಣ" ಅಂದ್ರು. ದೊಡ್ಡಮ್ಮ ಕೆಟ್ಟವರಲ್ಲ. ಹುಡುಗಿ ಖಾಲಿ ಕೂತಿದ್ರೆ ಊರಿಗೆ ಒಂದೇ ಕೆಲಸ ಹೊಳೆಯೋದು. ಹುಡುಗ ಆಗಿದ್ರೆ "ಬೆಂಗಳೂರಿಗೆ ಕಳಿಸಿ, ಡೆಲಿವರಿ ಕೆಲಸ ಸಿಗುತ್ತೆ" ಅಂತಿದ್ರು. ಎರಡರಲ್ಲೂ ಒಂದೇ ಅರ್ಥ: ಓದು ಮುಗೀತು.

ಕ್ಲಾಸ್ ವಾಟ್ಸಾಪ್ ಗ್ರೂಪ್‌ನಿಂದ ಫೆಬ್ರವರಿಯಲ್ಲಿ ನನ್ನನ್ನ ತೆಗೆದ್ರು. ಹೊಸ ಸೆಮಿಸ್ಟರ್, ಹೊಸ ಲಿಸ್ಟ್, ಯಾರೋ ಸಿಆರ್ ಕ್ಲೀನ್ ಮಾಡಿದ್ದು. ದ್ವೇಷ ಏನೂ ಇಲ್ಲ. ಆದ್ರೆ ನೋಟಿಸ್ ಬೋರ್ಡ್‌ಗಿಂತ ಅದು ಜಾಸ್ತಿ ನೋವಾಯ್ತು. ಬೋರ್ಡ್ ಹೇಳಿದ್ದು "ಅರ್ಹಳಲ್ಲ" ಅಂತ. ಗ್ರೂಪ್ ಹೇಳಿದ್ದು "ಇಲ್ಲ" ಅಂತ.

ಅಪ್ಪ ಮಾತು ಕಮ್ಮಿ. ಒಂದಿನ ಅಟ್ಟದಿಂದ ಕಾಯಿ ಇಳಿಸ್ತಾ ಇದ್ವಿ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋದು ಹೀಗೆ: ಬಲಿತ ಕಾಯಿನ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡ್ತಾರೆ. ಒಳಗಿನ ನೀರು ತಾನೇ ಆರಿ, ಕಾಯಿ ಚಿಪ್ಪು ಬಿಟ್ಟು ಅಲ್ಲಾಡುತ್ತೆ. ಅಪ್ಪ ಊರುಗೋಲು ಪಕ್ಕಕ್ಕಿಟ್ಟು, ಒಂದು ಕಾಯಿ ಕಿವಿ ಹತ್ರ ಅಲ್ಲಾಡಿಸಿ, "ವರ್ಷ ಅಟ್ಟದ ಮೇಲಿದ್ದ ತಕ್ಷಣ ಕಾಯಿ ಕೆಟ್ಟೋಯ್ತು ಅಂತಲ್ಲ ಮಗಾ" ಅಂದ್ರು. ಆಮೇಲೆ, "ಆದ್ರೆ ಟೈಮಿಗೆ ಇಳಿಸಬೇಕು" ಅಂದ್ರು.

ಅಷ್ಟೇ. ಎರಡನೇ ಮಾತೇ ಮುಖ್ಯ ಅಂತ ಆಮೇಲೆ ಗೊತ್ತಾಯ್ತು.

ಭಾಗ 5/9: ಬಾಗಿಲು ಎಲ್ಲಿದೆ?

ನಾನು ವಾಪಸ್ ಬಂದಿದ್ದು ಹೇಗೆ ಗೊತ್ತಾ? ಕಾಲೇಜಿಂದ ಪತ್ರ ಬಂದು ಅಲ್ಲ. ಫೋನ್ ಬಂದು ಅಲ್ಲ. ಜೂನ್‌ನಲ್ಲಿ ಸಂತೆಗೆ ಹೋದಾಗ ನಮ್ಮ ಕಾಲೇಜಿನ ಅಟೆಂಡರ್ ಅಣ್ಣ ಸಿಕ್ಕಿದ್ರು. ಸೊಪ್ಪು ಚೌಕಾಸಿ ಮಾಡ್ತಾ ಇದ್ದವರು ತಿರುಗಿ, "ಯಾಕಮ್ಮ ಬರಲಿಲ್ಲ ನೀನು? ಅಡ್ಮಿಷನ್ ಶುರುವಾದಾಗ ರೀ-ಅಡ್ಮಿಷನ್ ಅಂತ ಅರ್ಜಿ ಕೊಡು. ಲಾಸ್ಟ್ ಡೇಟ್ ಆದ್ಮೇಲೆ ಬಂದ್ರೆ ಇನ್ನೊಂದು ವರ್ಷ ಹೋಗುತ್ತೆ ನೋಡು" ಅಂದ್ರು.

ಸೊಪ್ಪಿನ ಅಂಗಡಿ ಮುಂದೆ ಸಿಕ್ಕ ಆ ಎರಡು ವಾಕ್ಯ ಜನವರಿಯ ನೋಟಿಸ್‌ನಲ್ಲಿ ಇರಬೇಕಿತ್ತು. ಅವತ್ತು ನಾನು ಸಂತೆಗೆ ಹೋಗದೇ ಇದ್ದಿದ್ರೆ? ಈಗ ಈ ಪೋಸ್ಟ್ ಇರ್ತಿರಲಿಲ್ಲ, ಬಹುಶಃ ಮದುವೆ ರೀಲ್ ಇರ್ತಿತ್ತು.

ಹೋದೆ. ಅಲ್ಲಿ ಇನ್ನೊಂದು ಗಂಟು. ನಾನು ಸೇರಿದ್ದು 2023ರಲ್ಲಿ, ಆಗ ನಮ್ಮ ರಾಜ್ಯದಲ್ಲಿ ಎನ್‌ಇಪಿ ಸಿಲೆಬಸ್. 2024-25ರಿಂದ ಎಸ್‌ಇಪಿ ಬಂತು. ಅಂದ್ರೆ ನಾನು ಒಂದು ವರ್ಷ ಹಿಂದೆ ಬಿದ್ದಾಗ ಸೇರಿದ್ದು ಜೂನಿಯರ್ಸ್ ಜೊತೆಗಷ್ಟೇ ಅಲ್ಲ, ಬೇರೆ ಪದ್ಧತಿಗೇ. ನನ್ನ ಮೊದಲೆರಡು ಸೆಮ್ ಮಾರ್ಕ್ಸ್‌ಕಾರ್ಡ್ ಒಂದು ಥರ, ಈಗಿಂದು ಇನ್ನೊಂದು ಥರ. ಮೊದಲು ಇಂಟರ್ನಲ್ 40, ಪರೀಕ್ಷೆ 60 ಇತ್ತು. ಈಗ ಇಂಟರ್ನಲ್ 20, ಪರೀಕ್ಷೆ 80. ಯಾವ ಪೇಪರ್ ಯಾವುದಕ್ಕೆ ಸಮ ಅಂತ ಯೂನಿವರ್ಸಿಟಿಯಿಂದ ಬರೆಸಿಕೊಂಡು ಬರೋಕೆ ಮೂರು ಸಲ ಓಡಾಡಿದೆ. ಆ ವರ್ಷದ ಸ್ಕಾಲರ್‌ಶಿಪ್ ಬರಲಿಲ್ಲ. ಫೀಸು ಕೊಬ್ಬರಿ ಮಾರಿದ ದುಡ್ಡಲ್ಲಿ ಕಟ್ಟಿದ್ವಿ.

ಯಾರಿಗಾದ್ರೂ ಬೇಕಾದ್ರೆ, ನಾನು ತಗೊಂಡು ಹೋಗಿದ್ದು ಇಷ್ಟು:

📌 ಪ್ರಿನ್ಸಿಪಾಲರಿಗೆ ಕೈಬರಹದ ಅರ್ಜಿ. ಯಾವ ಸೆಮ್, ಯಾವ ವರ್ಷ, ಯಾಕೆ ನಿಂತ್ತು, ಈಗ ಯಾಕೆ ಓದಬಹುದು. ಒಂದೇ ಪುಟ.
📌 ಪಾಸ್ ಆದ ಸೆಮ್‌ಗಳ ಮಾರ್ಕ್ಸ್‌ಕಾರ್ಡ್, ಎರಡೆರಡು ಜೆರಾಕ್ಸ್.
📌 ಹಳೆ ಫೀಸ್ ರಸೀದಿ. ಇದನ್ನ ಎಸೀಬೇಡಿ, ಪ್ಲೀಸ್.
📌 ಯುಯುಸಿಎಂಎಸ್‌ನ ಹಳೆ ನಂಬರು, ಪಾಸ್‌ವರ್ಡು. ಹೊಸದಾಗಿ ರಿಜಿಸ್ಟರ್ ಮಾಡೋ ಮುಂಚೆ ಹಳೇದೇ ನಡೆಯುತ್ತಾ ಅಂತ ಆಫೀಸ್‌ನಲ್ಲಿ ಕೇಳಿ.
📌 ಅಪ್ಪ ಅಥವಾ ಅಮ್ಮ. ಸಹಿಗೆ. ಧೈರ್ಯಕ್ಕೂ.

ಟಿಸಿ ತಗೊಂಡುಬಿಡಬೇಡಿ. ಸಿಟ್ಟಲ್ಲಿ "ನನ್ನ ಟಿಸಿ ಕೊಡಿ" ಅಂದವರಿಗೆ ವಾಪಸ್ ಬರೋದು ಇನ್ನೂ ಉದ್ದದ ದಾರಿ.

ಭಾಗ 6/9: ಅಕ್ಕ

ಮೊದಲ ದಿನ. ಅಟೆಂಡೆನ್ಸ್ ರಿಜಿಸ್ಟರ್‌ನಲ್ಲಿ ನನ್ನ ಹೆಸರು ಅಕ್ಷರದ ಪ್ರಕಾರ ಇಲ್ಲ, ಕೊನೆಗೆ, ಪೆನ್‌ನಲ್ಲಿ ಬರೆದಿದ್ದು. ಎಲ್ಲರೂ "ಪ್ರೆಸೆಂಟ್ ಮ್ಯಾಮ್" ಅಂದು ಮುಗಿದ ಮೇಲೆ ಒಂದು ಕ್ಷಣ ನಿಲ್ಲಿಸಿ ನನ್ನ ಹೆಸರು ಕರೀತಾರೆ. ಆ ಒಂದು ಕ್ಷಣದಲ್ಲಿ ಅರವತ್ತು ತಲೆ ತಿರುಗುತ್ತೆ.

ನನ್ನ ಹಳೆ ಬ್ಯಾಚ್ ಮೇಲಿನ ಮಹಡಿಯಲ್ಲಿ ಐದನೇ ಸೆಮ್. ಮೆಟ್ಟಿಲಲ್ಲಿ ಎದುರಾದಾಗ ಕೆಲವರು ತಬ್ಬಿಕೊಂಡ್ರು. ಕೆಲವರು ಫೋನ್ ನೋಡ್ಕೊಂಡು ಹೋದ್ರು. ಅವರ ಮೇಲೆ ಸಿಟ್ಟಿಲ್ಲ. ಏನು ಮಾತಾಡಬೇಕು ಅಂತ ಅವರಿಗೂ ಗೊತ್ತಿರಲಿಲ್ಲ. ನಾನು ಅವರ ಜಾಗದಲ್ಲಿದ್ದಿದ್ರೆ ನಾನೂ ಫೋನೇ ನೋಡ್ತಿದ್ದೆ ಅನ್ಸುತ್ತೆ.

ಕೊನೇ ಬೆಂಚಲ್ಲಿ ಕೂತೆ. ಎರಡನೇ ದಿನ ಮುಂದಿನ ಬೆಂಚಿನ ಹುಡುಗಿ ತಿರುಗಿ, "ಅಕ್ಕ, ಇಲ್ಲಿ ಜಾಗ ಇದೆ, ಬನ್ನಿ. ನಿಮಗೆ ಇದೆಲ್ಲ ಒಂದ್ಸಲ ಆಗಿದೆಯಲ್ಲ, ನಮಗೂ ಸ್ವಲ್ಪ ಹೇಳಿಕೊಡಿ" ಅಂದ್ಲು. ಅವಳಿಗೆ ಏನೂ ದೊಡ್ಡದು ಮಾಡಿದೆ ಅಂತ ಗೊತ್ತಿಲ್ಲ. ನಾನು ಫೇಲ್ಯೂರ್ ಅಂದ್ಕೊಂಡು ಕೂತಿದ್ದನ್ನ ಅವಳು ಅನುಭವ ಅಂತ ಕರೆದ್ಲು. ಗುಡ್‌ವಿಲ್ ವ್ಯಾಲ್ಯುಯೇಷನ್ ಈಗ ಬೋರ್ಡ್ ಮೇಲೆ ನಾನೇ ಮಾಡಿ ತೋರಿಸಬಲ್ಲೆ.

ಈ ಸಲ ನನ್ನ ಅಟೆಂಡೆನ್ಸ್ ಶೇ 91. ಶೋ ಆಫ್ ಅಲ್ಲ. ಹೆದರಿಕೆ 😅

ಭಾಗ 7/9: ಐದು ಹೆಸರು

ಈಗ ಬರೆಯೋಕೆ ಕಷ್ಟ ಆಗೋ ಭಾಗ.

ಆ ಲಿಸ್ಟ್‌ನಲ್ಲಿ ಐದು ಜನ ಅಂದೆ. ವಾಪಸ್ ಬಂದಿದ್ದು ಇಬ್ಬರು, ನಾನು ಮತ್ತೆ ಇನ್ನೊಬ್ಬ ಹುಡುಗ. ಒಬ್ಬ ಬೆಂಗಳೂರಲ್ಲಿ ಡೆಲಿವರಿ ಮಾಡ್ತಿದಾನೆ. ಒಬ್ಬಳಿಗೆ ಮದುವೆ ಆಯ್ತು, ಸ್ಟೇಟಸ್‌ನಲ್ಲಿ ನೋಡಿದೆ. ಐದನೆಯವಳು ನನ್ನ ಬೆಂಚ್‌ಮೇಟ್, ಪಾನಿಪೂರಿ ಜೊತೆಗಾತಿ.

ಅವಳು ಕ್ಲಾಸ್ ತಪ್ಪಿಸ್ತಿದ್ದಿದ್ದು ನನ್ನ ಥರ ಹೆದರಿಕೆಗಲ್ಲ. ಮಧ್ಯಾಹ್ನದ ಮೇಲೆ ಸೀರೆ ಅಂಗಡಿಯಲ್ಲಿ ಕೆಲಸ ಮಾಡ್ತಿದ್ಲು, ಫೀಸಿಗೋಸ್ಕರ. ಓದೋಕೆ ಅಂತ ದುಡಿದು, ದುಡಿದಿದ್ದಕ್ಕೆ ಓದು ಕಳ್ಕೊಂಡ್ಲು. ಡಿಟೇನ್ ಆದ್ಮೇಲೆ ಅದೇ ಅಂಗಡಿಯಲ್ಲಿ ಬೆಳಗ್ಗೆಯಿಂದ ರಾತ್ರಿ ತನಕ ನಿಲ್ತಾಳೆ.

ಅಟೆಂಡರ್ ಅಣ್ಣ ನನಗೆ ಡೇಟ್ ವಿಷಯ ಹೇಳಿದ್ರಲ್ಲ? ನಾನು ಅವಳಿಗೆ ಹೇಳಲಿಲ್ಲ.

ಬೇಕಂತ ಅಲ್ಲ. ಅವಳಿಗೆ ಗೊತ್ತಿರುತ್ತೆ ಅಂದ್ಕೊಂಡೆ. ಆಮೇಲೆ ಆರು ತಿಂಗಳು ಮಾತಾಡದೆ ಈಗ ಹೇಗೆ ಫೋನ್ ಮಾಡೋದು ಅಂದ್ಕೊಂಡೆ. ನನಗೇ ಸೀಟ್ ಸಿಗುತ್ತೋ ಇಲ್ವೋ, ಸಿಕ್ಕಮೇಲೆ ಹೇಳೋಣ ಅಂದ್ಕೊಂಡೆ. ಸೀಟ್ ಆಯ್ತು, ಯೂನಿವರ್ಸಿಟಿ ಓಡಾಟ ಆಯ್ತು, ಕ್ಲಾಸ್ ಶುರುವಾಯ್ತು. ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬ ಕಳೆದ ಮೇಲೆ ಅವಳ ಅಂಗಡಿಗೆ ಹೋದಾಗ ಅವಳೇ ಕೇಳಿದ್ಲು: "ನೀನು ಮತ್ತೆ ಸೇರ್ಕೊಂಡ್ಯಂತೆ? ಹಾಗೆ ಸೇರ್ಕೋಬಹುದಾ ಕಣೇ?"

ಅವಳಿಗೆ ಸೇರ್ಕೋಬಹುದು ಅನ್ನೋದೇ ಗೊತ್ತಿರಲಿಲ್ಲ. ಕಾಲೇಜಿಂದ ತೆಗೆದು ಹಾಕಿದ್ರು ಅಂದ್ರೆ ಜೀವನ ಪೂರ್ತಿ ತೆಗೆದ ಹಾಗೆ ಅಂದ್ಕೊಂಡಿದ್ಲು. ಲಾಸ್ಟ್ ಡೇಟ್ ಆಗಲೇ ಮುಗಿದಿತ್ತು.

ಕಾಲೇಜು ಹೇಳಲಿಲ್ಲ ಅಂತ ಇಷ್ಟು ಹೊತ್ತು ಬೈದೆ. ನಾನೂ ಹೇಳಲಿಲ್ಲ. ಅವಳ ಎರಡನೇ ವರ್ಷ ಹೋಗಿದ್ದರಲ್ಲಿ ನನ್ನ ಪಾಲೂ ಇದೆ. ಈ ಪೋಸ್ಟ್ ಬರೆಯೋಕೆ ಅದೇ ಕಾರಣ, ಹಾಲ್ ಟಿಕೆಟ್ ಅಲ್ಲ.

ಭಾಗ 8/9: ಏನು ಮಾಡಬಹುದು?

ಕಾಲೇಜುಗಳಿಗೆ, ಯಾರಾದ್ರೂ ಲೆಕ್ಚರರ್ಸ್ ಇದನ್ನ ಓದ್ತಾ ಇದ್ರೆ. ಕಾಲೇಜು ಹೆಸರು ನಾನು ಹೇಳಲ್ಲ, ಕೇಳಬೇಡಿ. ಇದು ಒಂದು ಕಾಲೇಜಿನ ಕಥೆ ಅಲ್ಲ.

ಒಂದು. ಲೆಕ್ಕ ಮೊದಲೇ ಹೇಳಿ. ಸೆಮಿಸ್ಟರ್ ಅರ್ಧ ಆದಾಗ "ನೀನು ಇನ್ನು ಇಷ್ಟೇ ಕ್ಲಾಸ್ ತಪ್ಪಿಸಬಹುದು" ಅಂತ ಒಂದು ಮೆಸೇಜ್. ಪರ್ಸೆಂಟ್ ಬೇಡ, ಕ್ಲಾಸ್ ಸಂಖ್ಯೆ ಹೇಳಿ. "ಶೇ 68" ಅಂದ್ರೆ ನಮಗೆ ಏನೂ ಅನ್ಸಲ್ಲ. "ಇನ್ನು 2" ಅಂದ್ರೆ ಎದೆ ಧಸಕ್ ಅನ್ನುತ್ತೆ.

ಎರಡು. ಮನೆಯವರನ್ನ ನೋಡಿಕೊಂಡವರಿಗೂ ಒಂದು ಕಾಲಂ ಇರಲಿ. ಪುರಾವೆ ಕೇಳಿ, ತಪ್ಪಿಲ್ಲ. ಅರ್ಜಿ ಹಾಕೋಕಾದ್ರೂ ಜಾಗ ಇರಲಿ.

ಮೂರು. ಶಾರ್ಟೇಜ್ ಲಿಸ್ಟ್ ಅಂಟಿಸೋ ದಿನ ಆ ಐದು ಜನಕ್ಕೆ ಒಂದು ಹಾಳೆ ಕೊಡಿ. ಯಾವ ತಿಂಗಳು ಬರಬೇಕು, ಯಾರನ್ನ ಕೇಳಬೇಕು, ಏನು ತರಬೇಕು, ಅಂದಾಜು ಎಷ್ಟು ದುಡ್ಡು. ಒಂದು ಹಾಳೆಯ ಜೆರಾಕ್ಸ್‌ಗೆ ಎಷ್ಟಾಗುತ್ತೆ ಅಂತ ನಮ್ಮೆಲ್ಲರಿಗೂ ಗೊತ್ತು. ಜೂನ್‌ನಲ್ಲಿ ಒಂದು ಫೋನ್ ಕಾಲ್. ಅಷ್ಟೇ ನಾನು ಕೇಳ್ತಿರೋದು. ಇದಕ್ಕೆ ಸರ್ಕಾರಿ ಆದೇಶ ಬೇಕಾಗಿಲ್ಲ.

"ಹಾಗೆ ಮಾಡಿದ್ರೆ ಹುಡುಗರಿಗೆ ಭಯ ಹೋಗುತ್ತೆ" ಅಂತ ಒಬ್ಬರು ಹೇಳಿದ್ರು. ಸರ್, ಒಂದು ವರ್ಷ ಮನೇಲಿ ಕೂತವರಿಗೆ ಭಯ ಕಮ್ಮಿ ಇಲ್ಲ. ದಾರಿ ಗೊತ್ತಿದ್ರೆ ಹೋಗೋದು ಭಯ ಅಲ್ಲ, ಅವಮಾನ. ಅವಮಾನದಿಂದ ಯಾರೂ ಕ್ಲಾಸಿಗೆ ಬರಲ್ಲ, ಬಸ್‌ಸ್ಟಾಂಡ್‌ಗೆ ಹೋಗ್ತಾರೆ. ನಾನೇ ಹೋಗಿದ್ದೆ.

ಈಗ ನಮಗೆ, ಕ್ಲಾಸ್‌ಮೇಟ್ಸ್‌ಗೆ.

ಗ್ರೂಪ್‌ನಿಂದ ತೆಗೀಬೇಡಿ. ಇರಲಿ ಬಿಡಿ, ಒಂದು ನಂಬರ್ ಜಾಸ್ತಿ ಇದ್ರೆ ವಾಟ್ಸಾಪ್ ಏನೂ ಮುಳುಗಲ್ಲ.

"ಏನಾಯ್ತು?" ಅಂತ ಕೇಳೋ ಬದಲು "ಯಾವಾಗ ಬರ್ತೀಯ?" ಅಂತ ಕೇಳಿ. ಮೊದಲನೇದಕ್ಕೆ ಕಥೆ ಹೇಳಬೇಕು. ಎರಡನೇದಕ್ಕೆ ಒಂದು ತಿಂಗಳ ಹೆಸರು ಹೇಳಿದ್ರೆ ಸಾಕು.

ಮತ್ತೆ ಪಕ್ಕದಲ್ಲಿ ಜಾಗ ಬಿಡಿ. ನಿಜವಾಗ್ಲೂ, ಬೆಂಚ್ ಮೇಲೆ.

ಭಾಗ 9/9: ಈಗ ಮನೇಲಿ ಕೂತಿರೋ ನಿನಗೆ

ಇದು ಲಿಸ್ಟ್‌ನಲ್ಲಿ ಹೆಸರು ಬಂದಿರೋ ಒಬ್ಬರಿಗೆ. ನೀನು ಯಾರು ಅಂತ ಗೊತ್ತಿಲ್ಲ, ಆದ್ರೆ ಜನವರಿ ಫೆಬ್ರವರಿಯಲ್ಲಿ ನೀನು ಇದ್ದೇ ಇರ್ತೀಯ, ಪ್ರತಿ ವರ್ಷ. ಅದಕ್ಕೇ "ನೀನು" ಅಂತೀನಿ.

ಅಕೌಂಟ್ಸ್‌ನಲ್ಲಿ ಹೊಸ ವರ್ಷದ ಪುಸ್ತಕ ಸೊನ್ನೆಯಿಂದ ಶುರುವಾಗಲ್ಲ. ಹೋದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಈ ವರ್ಷದ ಓಪನಿಂಗ್ ಬ್ಯಾಲೆನ್ಸ್. ನೀನು ಪಾಸ್ ಮಾಡಿದ ಸೆಮಿಸ್ಟರ್‌ಗಳು ಹಾಗೇ ಇವೆ. ಯುಜಿಸಿ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಮಾಡಿದೆ. ಅದರಲ್ಲಿ ಜಮಾ ಆದ ಕ್ರೆಡಿಟ್ ಗರಿಷ್ಠ 7 ವರ್ಷ ಇರುತ್ತೆ. ನಿನ್ನ ಎಬಿಸಿ ಐಡಿ ಡಿಜಿಲಾಕರ್‌ನಲ್ಲಿ ಸಿಗುತ್ತೆ, ಇವತ್ತೇ ತೆಗೆದು ನೋಡು. ಎಷ್ಟು ಕ್ರೆಡಿಟ್ ಕಾಣಿಸುತ್ತೆ, ಇಲ್ಲ ಅಂದ್ರೆ ಯಾಕಿಲ್ಲ ಅಂತ ಆಫೀಸ್‌ನಲ್ಲಿ ಕೇಳು. ಕೇಳೋದು ನಿನ್ನ ಹಕ್ಕು, ಭಿಕ್ಷೆ ಅಲ್ಲ.

ದಿನಾ ಕ್ಲಾಸಿಗೆ ಬರೋಕೆ ಆಗೋದೇ ಇಲ್ಲ, ದುಡಿಯಲೇಬೇಕು ಅಂದ್ರೆ, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ, ಇಗ್ನೋ ಇದೆ. ಅಲ್ಲೂ ಬಿಕಾಂ ಇದೆ. ಅದು ಕಮ್ಮಿ ಡಿಗ್ರಿ ಅಂತ ಯಾರಾದ್ರೂ ಅಂದ್ರೆ, ದುಡಿದು ಓದಿದವರ ಮುಂದೆ ಹಾಗನ್ನೋಕೆ ಹೇಳು.

ರಾತ್ರಿ ತುಂಬ ಕೆಟ್ಟ ಯೋಚನೆ ಬಂದ್ರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಫ್ರೀ, ಯಾವ ಹೊತ್ತಲ್ಲಾದ್ರೂ, ಕನ್ನಡದಲ್ಲೇ ಮಾತಾಡ್ತಾರೆ. ಇದನ್ನ ಫಾರ್ಮಾಲಿಟಿಗೆ ಬರೀತಿಲ್ಲ. ಬಸ್‌ಸ್ಟಾಂಡ್‌ನಲ್ಲಿ ಕೂತಿದ್ದ ಆ ನಾಲ್ಕು ದಿನ ಈ ನಂಬರ್ ನನ್ನ ಹತ್ರ ಇದ್ದಿದ್ರೆ ಚೆನ್ನಾಗಿರ್ತಿತ್ತು.

ವಾಪಸ್ ಬಂದ್ರೆ ಎಲ್ಲ ಸರಿ ಹೋಗುತ್ತೆ ಅಂತ ಹೇಳಲ್ಲ. ಹೋದ ವರ್ಷ ಹೋಗಿದ್ದು ಹೋಯ್ತು. ನನ್ನ ಬ್ಯಾಚ್ ಫೇರ್‌ವೆಲ್ ಫೋಟೋದಲ್ಲಿ ನಾನಿರಲ್ಲ. ಇಂಟರ್‌ವ್ಯೂನಲ್ಲಿ "ಈ ಒಂದು ವರ್ಷ ಏನು ಮಾಡಿದ್ರಿ?" ಅಂತ ಕೇಳೇ ಕೇಳ್ತಾರೆ. ಉತ್ತರ ಈಗಲೇ ರೆಡಿ ಮಾಡ್ಕೊಂಡಿದೀನಿ: ಅಪ್ಪನ ಕಾಲು ನೋಡ್ಕೊಂಡೆ, ಕೊಬ್ಬರಿ ಸುಲಿದೆ, ಆಮೇಲೆ ವಾಪಸ್ ಬಂದೆ. ಸುಳ್ಳು ಒಂದೂ ಇಲ್ಲ.

ಸೋಮವಾರ ಮೊದಲ ಪೇಪರ್. ನಿನ್ನೆ ರಾತ್ರಿ ಹತ್ತೂವರೆಗೆ, ಅಂಗಡಿ ಬಾಗಿಲು ಹಾಕಿದ ಮೇಲೆ, ನನ್ನ ಬೆಂಚ್‌ಮೇಟ್ ಮೆಸೇಜ್ ಮಾಡಿದ್ಲು. ಆಲ್ ದ ಬೆಸ್ಟ್ ಅಂತ ಅಂದ್ಕೊಂಡು ತೆಗೆದೆ. ಅದಿರಲಿಲ್ಲ.

"ಈ ಸಲ ಅಡ್ಮಿಷನ್ ಯಾವ ತಿಂಗಳು ಕಣೇ? ಓನರ್ ಹತ್ರ ಮೊದಲೇ ಹೇಳಬೇಕು."

ಅವಳು ಬರ್ತಾಳೋ ಇಲ್ವೋ ನನಗೆ ಗೊತ್ತಿಲ್ಲ. ಮನೇಲಿ ಒಪ್ಪಬೇಕು, ದುಡ್ಡು ಆಗಬೇಕು. ಆದ್ರೆ ಈ ಸಲ ಡೇಟ್ ಗೊತ್ತಿಲ್ಲ ಅಂತ ಮಾತ್ರ ನಿಲ್ಲಲ್ಲ. ಅಡ್ಮಿಷನ್ ನೋಟಿಸ್ ಬಂದ ದಿನ ಫೋಟೋ ತೆಗೆದು ಮೊದಲು ಅವಳಿಗೆ ಕಳಿಸ್ತೀನಿ, ಆಮೇಲೆ ಇಲ್ಲಿ ಹಾಕ್ತೀನಿ.

ನಿಮ್ಮ ಕ್ಲಾಸ್‌ನಲ್ಲೂ ಒಂದು ಖಾಲಿ ಜಾಗ ಇರುತ್ತೆ. ಅದರಲ್ಲಿ ಕೂರ್ತಿದ್ದವರ ಹೆಸರು ನಿಮಗೆ ನೆನಪಿದೆ. ಕಮೆಂಟ್‌ನಲ್ಲಿ ಟ್ಯಾಗ್ ಮಾಡಬೇಡಿ, ನಾಚಿಕೆ ಆಗುತ್ತೆ ಅವರಿಗೆ. ಫೋನ್ ಮಾಡಿ. ಇವತ್ತೇ.

ಸೇವ್ ಮಾಡ್ಕೊಳ್ಳಿ, ಜೂನ್‌ನಲ್ಲಿ ಯಾರಿಗಾದ್ರೂ ಬೇಕಾಗುತ್ತೆ.

#ಬಿಕಾಂಲೈಫ್ #ಅಟೆಂಡೆನ್ಸ್ #ಶಾರ್ಟೇಜ್‌ಲಿಸ್ಟ್ #ವಾಪಸ್‌ಬನ್ನಿ #ಕನ್ನಡಕ್ಯಾಪ್ಷನ್